ಸಾಸೇಜ್, ಆಲೂಗಡ್ಡೆ ಮತ್ತು ಕೇಲ್ ಸೊಪ್ಪಿನ ಸೂಪು: ಪೋರ್ಚುಗೀಸರ ಹದವನ್ನು ಮನೆಯಲ್ಲಿ ತರುವುದು ಹೇಗೆ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ನ್ಯೂ ಬೆಡ್‌ಫರ್ಡ್ ನಗರಕ್ಕೆ ಹತ್ತಿರದಲ್ಲಿ ನೆಲೆಸಿದ್ದೇವೆ. ಈ ಭಾಗದಲ್ಲಿ ಪೋರ್ಚುಗೀಸ್ ಮೂಲದ ಕುಟುಂಬಗಳು ಬಹಳ. ಚಳಿಗಾಲ ಬಂತೆಂದರೆ ಹೊಗೆಯಾಡಿಸಿದ ಸಾಸೇಜ್, ಆಲೂಗಡ್ಡೆ ಹಾಗೂ ಕೇಲ್ ಸೊಪ್ಪು ಹಾಕಿ ಮಾಡಿದ ಸೂಪು ಇಲ್ಲಿಯ ಸಣ್ಣ ಹೋಟೆಲುಗಳಲ್ಲಿಯೂ ಮನೆಗಳಲ್ಲಿಯೂ ತಪ್ಪದೆ ಇರುತ್ತದೆ. ನೆರೆಮನೆಯ ಹಿರಿಯರೊಬ್ಬರ ಕುಟುಂಬ ಪೋರ್ಚುಗಲ್ಲಿಗೆ ಸೇರಿದ ಅಜೋರ್ಸ್ ದ್ವೀಪಗಳಿಂದ ಬಂದದ್ದು. ಅವರು ಕಳುಹಿಸಿಕೊಟ್ಟ ಸೂಪಿನಲ್ಲಿ ಕೆಂಪು ರಾಜ್ಮಾ ಕಾಳು ಸಹ ಇತ್ತು, ಆಲೂಗಡ್ಡೆ ಹೋಳುಹೋಳಾಗಿಯೇ ಉಳಿದಿತ್ತು, ರಸ ಕೆಂಬಣ್ಣಕ್ಕೆ ತಿರುಗಿತ್ತು. ಆದರೆ ಪೋರ್ಚುಗಲ್ ಪ್ರವಾಸ ಮಾಡಿ ಬಂದ ಗೆಳತಿಯ ಪ್ರಕಾರ ನಿಜವಾದ ಸೂಪಿನಲ್ಲಿ ಕಾಳೇ ಇರುವುದಿಲ್ಲ, ಆಲೂಗಡ್ಡೆಯನ್ನು ಪೂರ್ತಿ ಮಸೆದು ಬಿಡುತ್ತಾರೆ, ಸಾಸೇಜ್ ಎಂಬುದು ಬಟ್ಟಲಿಗೆ ಒಂದೆರಡು ಬಿಲ್ಲೆ ಮಾತ್ರ.

ಇವೆರಡೂ ಒಂದೇ ಅಡುಗೆಯ ಎರಡು ರೂಪಗಳೋ ಅಥವಾ ಬೇರೆ ಬೇರೆ ಅಡುಗೆಗಳೋ ಎಂಬುದು ನನ್ನ ಮೊದಲ ಪ್ರಶ್ನೆ. ಎರಡನೆಯದು, ಸಾಸೇಜನ್ನು ಮೊದಲೇ ಎಣ್ಣೆಯಲ್ಲಿ ಬಾಡಿಸಬೇಕೇ, ಇಲ್ಲವೇ ನೀರಿನಲ್ಲಿ ಆಲೂಗಡ್ಡೆಯ ಜೊತೆಗೆ ಬೇಯಿಸಬೇಕೇ? ಕೇಲ್ ಸೊಪ್ಪನ್ನು ಯಾವ ಹಂತದಲ್ಲಿ ಹಾಕಿದರೆ ಹಸಿರೂ ಉಳಿದು, ಅಗಿಯಲು ನಾರಾಗದೆಯೂ ಇರುತ್ತದೆ? ನಮ್ಮ ಮನೆಯಲ್ಲಿ ಕೆಲವರು ಹಂದಿಮಾಂಸ ತಿನ್ನುವುದಿಲ್ಲವಾದ್ದರಿಂದ ಕೋಳಿ ಸಾಸೇಜ್ ಬಳಸಿ ಅದೇ ರುಚಿ ತರುವ ದಾರಿಯಿದ್ದರೆ ಅದನ್ನೂ ದಯವಿಟ್ಟು ತಿಳಿಸಿ. ಅಳತೆಗಳನ್ನು ಗ್ರಾಂ, ಲೀಟರುಗಳಲ್ಲಿ ಕೊಟ್ಟರೆ ಉಪಕಾರ.

ಮಿನ್ಯೊವಾಸಿ (ಉತ್ತರ)

ತುಂಗಾತೀರ ಅವರೇ, ನಿಮ್ಮ ಗೆಳತಿ ಹೇಳಿದ್ದೂ ಸರಿ, ನಿಮ್ಮ ನೆರೆಯವರು ಕೊಟ್ಟದ್ದೂ ಸರಿ. ಅವೆರಡು ಬೇರೆ ಬೇರೆ ಅಡುಗೆಗಳು. ಗೆಳತಿ ಕಂಡದ್ದು ಕಾಲ್ದು ವೆರ್ದೆ ಎಂಬ ಸೂಪು. ಅದರ ಹುಟ್ಟೂರು ಪೋರ್ಚುಗಲ್ಲಿನ ಉತ್ತರ ತುದಿಯ ಮಿನ್ಯೊ ಸೀಮೆ. ನಾನು ಕೆಲಸದ ನಿಮಿತ್ತ ಇದೇ ಸೀಮೆಯಲ್ಲಿ ವಾಸವಾಗಿರುವುದರಿಂದ ಅದರ ಬಗ್ಗೆ ಮಾತ್ರ ಬರೆಯುತ್ತೇನೆ. ಅಮೆರಿಕದ ಕಾಳಿನ ಸೂಪಿನ ಬಗ್ಗೆ ಅಲ್ಲಿಯವರೇ ಹೇಳುವುದು ಸರಿ.

ಮಳೆ ಹೆಚ್ಚು, ಹೊಲ ಚಿಕ್ಕದು, ಮನೆಯ ಹಿತ್ತಲಿನಲ್ಲಿ ಆಳೆತ್ತರ ಬೆಳೆದು ನಿಂತ ಕೋವ್ ಗಲೇಗ ಎಂಬ ಸೊಪ್ಪಿನ ಗಿಡಗಳು: ಮಿನ್ಯೊ ಸೀಮೆಯ ಹಳ್ಳಿಗಳಲ್ಲಿ ಈಗಲೂ ಕಾಣುವ ನೋಟ ಇದು. ಈ ಗಿಡದ ಕೆಳಗಿನ ಎಲೆಗಳನ್ನು ಕೀಳುತ್ತಾ ಹೋದಂತೆ ತುದಿಯಲ್ಲಿ ಹೊಸ ಎಲೆ ಬರುತ್ತದೆ, ಹೀಗಾಗಿ ವರ್ಷದ ಬಹುಪಾಲು ಒಂದೇ ಗಿಡ ಮನೆಗೆ ಸೊಪ್ಪು ಕೊಡುತ್ತದೆ. ಅದಕ್ಕೆ ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ, ಆಲಿವ್ ಎಣ್ಣೆ ಮತ್ತು ಮನೆಯಲ್ಲೇ ಹೊಗೆಗೆ ಕಟ್ಟಿದ ಶೋರೀಸು ಎಂಬ ಹಂದಿಮಾಂಸದ ಸಾಸೇಜ್ ಸೇರಿದರೆ ಸೂಪಿಗೆ ಬೇಕಾದದ್ದೆಲ್ಲ ಬಂದಂತಾಯಿತು. ಬಡ ಒಕ್ಕಲು ಮನೆಗಳ ಈ ಊಟ ಇಂದು ದೇಶದ ಹೆಮ್ಮೆಯ ಅಡುಗೆ. 2011ರಲ್ಲಿ ಪೋರ್ಚುಗಲ್ಲಿನ ಜನ ಮತ ಹಾಕಿ ಆರಿಸಿದ ತಮ್ಮ ಅಡುಗೆಯ ಏಳು ಅದ್ಭುತಗಳ ಸಾಲಿನಲ್ಲಿ ಇದೂ ಇತ್ತು. ಪೋರ್ಟೊ ನಗರದಲ್ಲಿ ಜೂನ್ 23ರ ರಾತ್ರಿ ನಡೆಯುವ ಸಂತ ಜೋಆವ್ ಹಬ್ಬದಲ್ಲಿ ಬೀದಿಯುದ್ದಕ್ಕೂ ಕೆಂಡದ ಮೇಲೆ ಸುಟ್ಟ ಬೂತಾಯಿ ಮೀನಿನೊಂದಿಗೆ ಇದೇ ಸೂಪನ್ನು ಕೊಡುತ್ತಾರೆ. ಅಂದರೆ ಇದು ಚಳಿಗಾಲಕ್ಕೆ ಮಾತ್ರ ಮೀಸಲಾದದ್ದಲ್ಲ.

ನಾಲ್ಕು ಜನರಿಗೆ ಸಿಪ್ಪೆ ತೆಗೆದ ಆಲೂಗಡ್ಡೆ 600 ಗ್ರಾಂ, ಒಂದು ದೊಡ್ಡ ಈರುಳ್ಳಿ, ಮೂರು ಎಸಳು ಬೆಳ್ಳುಳ್ಳಿ, ಒಂದೂವರೆ ಲೀಟರ್ ನೀರು, ದಂಟು ತೆಗೆದ ಸೊಪ್ಪು 250 ಗ್ರಾಂ, ಶೋರೀಸು 150 ಗ್ರಾಂ, ನಾಲ್ಕು ದೊಡ್ಡ ಚಮಚ ಆಲಿವ್ ಎಣ್ಣೆ. ಆಲೂಗಡ್ಡೆಯನ್ನು ದೊಡ್ಡ ಹೋಳುಗಳಾಗಿ ಹೆಚ್ಚಿ ಈರುಳ್ಳಿ, ಬೆಳ್ಳುಳ್ಳಿ, ಅರ್ಧದಷ್ಟು ಎಣ್ಣೆ ಮತ್ತು ಇಡಿಯ ಶೋರೀಸಿನೊಂದಿಗೆ ನೀರಿಗೆ ಹಾಕಿ ಕುದಿಯಲು ಇಡಿ. ಹದಿನೈದು ನಿಮಿಷದ ನಂತರ ಸಾಸೇಜನ್ನು ತೆಗೆದು ಪಕ್ಕಕ್ಕಿಟ್ಟು, ಆಲೂಗಡ್ಡೆ ಬೆರಳಿಗೆ ಪುಡಿಯಾಗುವಷ್ಟು ಬೆಂದ ಮೇಲೆ ಅದನ್ನು ಪಾತ್ರೆಯಲ್ಲಿಯೇ ಮಸೆಯಬೇಕು. ಈ ಸೂಪಿಗೆ ಮೈದಾ, ಕಾರ್ನ್‌ಫ್ಲೋರ್, ಕೆನೆ ಯಾವುದನ್ನೂ ಹಾಕುವುದಿಲ್ಲ. ಗಟ್ಟಿತನವೆಲ್ಲ ಆಲೂಗಡ್ಡೆಯ ಪಿಷ್ಟದಿಂದಲೇ ಬರಬೇಕಾಗಿರುವುದರಿಂದ ನಿಮ್ಮಲ್ಲಿ ಸಿಗುವ ರಸೆಟ್ ಅಥವಾ ಯೂಕಾನ್ ಗೋಲ್ಡ್ ತಳಿಯನ್ನೇ ಕೊಳ್ಳಿ. ತೆಳು ಕೆಂಪು ಸಿಪ್ಪೆಯ ಆಲೂಗಡ್ಡೆ ಎಷ್ಟು ಬೆಂದರೂ ಹೋಳಾಗಿಯೇ ನಿಲ್ಲುವ ಜಾತಿ, ಇಲ್ಲಿಗೆ ಅದು ಒಗ್ಗುವುದಿಲ್ಲ. ಹದ ಹೇಗಿರಬೇಕೆಂದರೆ ನಮ್ಮ ಹುಳಿಗಿಂತ ತೆಳುವಾಗಿ, ಸಾರಿಗಿಂತ ಗಟ್ಟಿಯಾಗಿ.

ಮಸೆಯಲು ಮಿಕ್ಸಿಯನ್ನು ಬಳಸಬೇಡಿ ಎಂದು ಒತ್ತಿ ಹೇಳುತ್ತೇನೆ. ವೇಗವಾಗಿ ತಿರುಗುವ ಅಲಗು ಆಲೂಗಡ್ಡೆಯ ಕೋಶಗಳನ್ನು ಒಡೆದು ಪಿಷ್ಟವನ್ನೆಲ್ಲ ಹೊರಹಾಕುವುದರಿಂದ ಸೂಪು ಅಂಟಂಟಾಗುವ ಸಾಧ್ಯತೆಯಿದೆ. ಮರದ ಸೌಟಿನ ಹಿಂಬದಿ ಅಥವಾ ಬೇಳೆ ಮಸೆಯುವ ಕಡಗೋಲು ಸಾಕು. ಅಲ್ಲಲ್ಲಿ ಸಣ್ಣ ತುಣುಕು ಉಳಿದರೆ ಅದು ದೋಷವೇನಲ್ಲ.

ಇನ್ನು ಸೊಪ್ಪು. ಈ ಅಡುಗೆಯ ಅರ್ಧ ಶ್ರಮ ಅದನ್ನು ಹೆಚ್ಚುವುದರಲ್ಲಿದೆ. ನಡುವಿನ ದಪ್ಪ ದಂಟನ್ನು ಪೂರ್ತಿ ತೆಗೆದು, ಎಲೆಗಳನ್ನು ಒಂದರ ಮೇಲೊಂದು ಇಟ್ಟು ಬಿಗಿಯಾಗಿ ಸುರುಳಿ ಸುತ್ತಿ, ಹರಿತವಾದ ಚಾಕುವಿನಿಂದ ಒಂದೆರಡು ಮಿಲಿಮೀಟರ್ ಅಗಲದ ಎಳೆಗಳಾಗಿ ಹೆಚ್ಚಬೇಕು. ಇಲ್ಲಿಯ ಮಾರುಕಟ್ಟೆಗಳಲ್ಲಿ ಸೊಪ್ಪು ಮಾರುವವರು ಕೈಯಿಂದ ತಿರುಗಿಸುವ ಯಂತ್ರವಿಟ್ಟುಕೊಂಡು ಕೊಂಡವರಿಗೆ ಅಲ್ಲೇ ಹೆಚ್ಚಿ ಕೊಡುವುದುಂಟು. ಸೊಪ್ಪು ಇಷ್ಟು ಸಣ್ಣಗಿದ್ದರೆ ಕುದಿಯುವ ಸೂಪಿನಲ್ಲಿ ಐದು ನಿಮಿಷದೊಳಗೆ ಮೆತ್ತಗಾಗುತ್ತದೆ, ಬಣ್ಣ ಕೆಡಲು ಕಾಲಾವಕಾಶವೇ ಇರುವುದಿಲ್ಲ. ಸೊಪ್ಪು ಹಾಕಿದ ಮೇಲೆ ಮುಚ್ಚಳ ಮುಚ್ಚಬಾರದು. ಸೊಪ್ಪಿನಲ್ಲಿರುವ ಆಮ್ಲಗಳಲ್ಲಿ ಕೆಲವು ಹಬೆಯೊಂದಿಗೆ ಹೊರಹೋಗಬೇಕು. ಅವು ಪಾತ್ರೆಯಲ್ಲೇ ಉಳಿದರೆ ಎಲೆಯ ಹಸಿರು ಕಂದು ಛಾಯೆಗೆ ತಿರುಗುತ್ತದೆ. ಬಡಿಸುವಾಗ ಬಟ್ಟಲಿನ ತಳಕ್ಕೆ ಸಾಸೇಜಿನ ಒಂದೆರಡು ಬಿಲ್ಲೆಗಳನ್ನಿಟ್ಟು, ಮೇಲೆ ಸೂಪು ಸುರಿದು, ಉಳಿದ ಆಲಿವ್ ಎಣ್ಣೆಯನ್ನು ಹಸಿಯಾಗಿಯೇ ಬಿಡುತ್ತಾರೆ. ಜೊತೆಗೆ ಬ್ರೋವಾ ಎಂಬ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ರೊಟ್ಟಿ ಇರುತ್ತದೆ.

ನಿಮ್ಮಲ್ಲಿ ಕೋವ್ ಗಲೇಗ ಸಿಗದಿದ್ದರೆ ಕಾಲರ್ಡ್ ಎಂಬ ಅಗಲ ಎಲೆಯ ಸೊಪ್ಪು ಅದಕ್ಕೆ ಅತಿ ಸಮೀಪ. ಅದರ ನಂತರ ಕಪ್ಪು ಹಸಿರಿನ ಉದ್ದೆಲೆಯ ಟಸ್ಕನ್ ಕೇಲ್. ಗುಂಗುರು ಎಲೆಯ ಕೇಲ್ ಎಳೆಎಳೆಯಾಗಿ ಹೆಚ್ಚಲು ಒದಗುವುದಿಲ್ಲವಾದ್ದರಿಂದ ಅದನ್ನು ಕಾಳಿನ ಸೂಪಿಗೆ ಬಿಡುವುದು ಒಳ್ಳೆಯದು.

ಹಳೆಬಂದರು (ಉತ್ತರ)

ಮಿನ್ಯೊವಾಸಿಯವರು ಬಿಟ್ಟುಕೊಟ್ಟ ಭಾಗವನ್ನು ನಾನು ತುಂಬುತ್ತೇನೆ. ನಾನು ಬಹಳ ಕಾಲದಿಂದ ನ್ಯೂ ಬೆಡ್‌ಫರ್ಡಿಗೆ ಸಮೀಪದ ಫಾಲ್ ರಿವರ್ ನಗರದಲ್ಲಿದ್ದೇನೆ.

ತುಂಗಾತೀರ ಅವರ ನೆರೆಯವರು ಕೊಟ್ಟದ್ದು ಅಜೋರ್ಸ್ ದ್ವೀಪದವರು ನ್ಯೂ ಇಂಗ್ಲೆಂಡಿನಲ್ಲಿ, ಅಂದರೆ ಅಮೆರಿಕದ ಈಶಾನ್ಯ ಭಾಗದಲ್ಲಿ, ಬೇರೂರಿಸಿದ ಕೇಲ್ ಸೂಪು. ಹತ್ತೊಂಬತ್ತನೆಯ ಶತಮಾನದಲ್ಲಿ ನ್ಯೂ ಬೆಡ್‌ಫರ್ಡಿನಿಂದ ತಿಮಿಂಗಿಲ ಬೇಟೆಗೆ ಹೊರಟ ಹಡಗುಗಳು ಅಟ್ಲಾಂಟಿಕ್ ನಡುವಿನ ಅಜೋರ್ಸ್‌ನಲ್ಲಿ ತಂಗಿ ನೀರು, ದಿನಸಿ ಮತ್ತು ಆಳುಗಳನ್ನು ಹತ್ತಿಸಿಕೊಳ್ಳುತ್ತಿದ್ದವು. ಹಾಗೆ ಬಂದ ದ್ವೀಪದವರಲ್ಲಿ ಅನೇಕರು ಇಲ್ಲಿಯೇ ನಿಂತು, ಹಿಂದೆಯೇ ಕುಟುಂಬಗಳೂ ಬಂದು, ಮೀನುಗಾರಿಕೆ ಹಾಗೂ ಬಟ್ಟೆಗಿರಣಿಗಳ ಕೆಲಸಕ್ಕೆ ಸೇರಿದವು. 1957ರ ಸೆಪ್ಟೆಂಬರಿನಲ್ಲಿ ಫಯಾಲ್ ದ್ವೀಪದ ಕಪೆಲಿನ್ಯೂಸ್ ಜ್ವಾಲಾಮುಖಿ ಸಿಡಿದು ಒಂದು ವರ್ಷಕ್ಕೂ ಮೇಲೆ ಬೂದಿ ಉಗುಳಿ ಮನೆ, ಹೊಲಗಳನ್ನು ಹೂತುಹಾಕಿದಾಗ, ಆಗ ಮ್ಯಾಸಚೂಸೆಟ್ಸಿನ ಸೆನೆಟರ್ ಆಗಿದ್ದ ಜಾನ್ ಎಫ್. ಕೆನಡಿ ಮತ್ತು ರೋಡ್ ಐಲೆಂಡಿನ ಸೆನೆಟರ್ ಜಾನ್ ಪಾಸ್ಟೋರ್ ಮುಂದಾಗಿ 1958ರಲ್ಲಿ ಅಜೋರ್ಸ್ ನಿರಾಶ್ರಿತರ ಕಾಯಿದೆಯನ್ನು ತಂದರು. ಅದರಿಂದ ಇನ್ನಷ್ಟು ಕುಟುಂಬಗಳು ಇಲ್ಲಿಗೆ ಬಂದವು. ಗಿರಣಿ, ದೋಣಿಗಳಲ್ಲಿ ದುಡಿದು ಬಂದವರ ಹೊಟ್ಟೆ ತುಂಬಬೇಕಾದ ಸೂಪು ಇದು. ಕಾಳು, ಹೋಳು, ಸಾಸೇಜ್ ಎಲ್ಲವೂ ಧಾರಾಳವಾಗಿರುವುದಕ್ಕೂ, ಕೆಲವು ಮನೆಗಳಲ್ಲಿ ಮೂಳೆಸಹಿತ ದನದ ಮಾಂಸವನ್ನು ಸೇರಿಸುವುದಕ್ಕೂ ಇದೇ ಕಾರಣ ಇರಬೇಕೆಂಬುದು ನನ್ನ ಅನಿಸಿಕೆ.

ನಿಮ್ಮ ಎರಡನೆಯ ಪ್ರಶ್ನೆಗೆ ಇಲ್ಲಿಯ ಉತ್ತರ ಬೇರೆ. ಇಲ್ಲಿ ಲಿಂಗ್ವೀಸ ಎಂಬ ಇನ್ನೊಂದು ಪೋರ್ಚುಗೀಸ್ ಸಾಸೇಜನ್ನು ಅಥವಾ ಶೋರೀಸನ್ನು ಮೊದಲೇ ಬಿಲ್ಲೆಗಳಾಗಿ ಕೊಯ್ದು ದಪ್ಪ ತಳದ ಪಾತ್ರೆಯಲ್ಲಿ ಮಧ್ಯಮ ಉರಿಯಲ್ಲಿ ಬಾಡಿಸುತ್ತಾರೆ. ಈ ಸಾಸೇಜುಗಳಿಗೆ ಬಣ್ಣ ಕೊಡುವುದು ಪ್ಯಾಪ್ರಿಕಾ ಮೆಣಸಿನ ಪುಡಿ. ಆ ಕೆಂಪು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಮಾತ್ರ ಕರಗುತ್ತದೆ. ಆದ್ದರಿಂದ ಕೊಬ್ಬು ಬಿಟ್ಟು ಎಣ್ಣೆ ಕೆಂಪಾದ ಮೇಲೆ ಅದರಲ್ಲೇ ಈರುಳ್ಳಿ, ಬೆಳ್ಳುಳ್ಳಿಯನ್ನು ಹುರಿದರೆ ಬಣ್ಣವೂ ಹೊಗೆಯ ಪರಿಮಳವೂ ಇಡೀ ಸೂಪಿಗೆ ಹರಡುತ್ತವೆ. ಆರು ಜನರಿಗೆ ಸಾಸೇಜ್ 350 ಗ್ರಾಂ, ಆಲೂಗಡ್ಡೆ 500 ಗ್ರಾಂ, ಬೇಯಿಸಿದ ರಾಜ್ಮಾ 400 ಗ್ರಾಂ, ಕೇಲ್ 300 ಗ್ರಾಂ, ನೀರು ಅಥವಾ ಮಾಂಸ ಬೇಯಿಸಿದ ರಸ ಎರಡು ಲೀಟರ್ ಸರಿಹೋಗುತ್ತದೆ. ಇಲ್ಲಿ ಆಲೂಗಡ್ಡೆ ಹೋಳಾಗಿಯೇ ಉಳಿಯಬೇಕಾಗಿರುವುದರಿಂದ ಮಿನ್ಯೊವಾಸಿಯವರು ಬೇಡವೆಂದ ಕೆಂಪು ಸಿಪ್ಪೆಯ ತಳಿಯೇ ಉತ್ತಮ. ರಸ ಸ್ವಲ್ಪ ಗಟ್ಟಿಯಾಗಬೇಕೆಂದರೆ ಒಂದು ಸೌಟು ಕಾಳನ್ನು ಅರೆದು ಸೇರಿಸಿ. ಗುಂಗುರು ಕೇಲನ್ನು ಕೈಯಿಂದ ಹರಿದು ಹಾಕಿ, ಇಪ್ಪತ್ತರಿಂದ ಮೂವತ್ತು ನಿಮಿಷ ಸಣ್ಣ ಉರಿಯಲ್ಲಿ ಬೇಯಲು ಬಿಡಬೇಕು. ಹಸಿರು ಮಂಕಾಗುವುದು ನಿಜ, ಆದರೆ ಈ ಸೂಪಿನಲ್ಲಿ ಸೊಪ್ಪು ಕಾಳಿನಷ್ಟೇ ಮೆತ್ತಗಾಗಿ ರಸವನ್ನು ಹೀರಿರಬೇಕೆಂಬುದೇ ಇಲ್ಲಿಯವರ ನಿರೀಕ್ಷೆ. ಮೊದಲ ಇಬ್ಬನಿ ಹೆಪ್ಪುಗಟ್ಟಿದ ನಂತರ ಕೊಯ್ದ ಕೇಲ್ ಸಿಕ್ಕರೆ ಬಿಡಬೇಡಿ. ಚಳಿಗೆ ಸಿಕ್ಕ ಗಿಡ ತನ್ನಲ್ಲಿರುವ ಪಿಷ್ಟವನ್ನು ಸಕ್ಕರೆಯಾಗಿ ಮಾಡಿಕೊಳ್ಳುವುದರಿಂದ ಎಲೆಯ ಕಹಿ ತಗ್ಗಿರುತ್ತದೆ.

ಕಾಳಿನ ವಿಚಾರದಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಒಣ ರಾಜ್ಮಾ ಬಳಸುವುದಾದರೆ ರಾತ್ರಿಯಿಡೀ ನೆನೆಹಾಕಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಚೆನ್ನಾಗಿ ಕುದಿಸಿದ ಮೇಲೆಯೇ ಸೂಪಿಗೆ ಹಾಕಬೇಕು. ಹಸಿ ರಾಜ್ಮಾದಲ್ಲಿ ವಾಂತಿ, ಭೇದಿ ಉಂಟುಮಾಡುವ ಲೆಕ್ಟಿನ್ ಎಂಬ ವಿಷಕಾರಿ ಅಂಶ ಇರುತ್ತದೆ. ನಿಧಾನವಾಗಿ ಬೇಯಿಸುವ ವಿದ್ಯುತ್ ಪಾತ್ರೆಗಳು ಕುದಿಯುವ ಶಾಖವನ್ನು ಮುಟ್ಟದೆ ಇರಬಹುದಾದ್ದರಿಂದ ಅವುಗಳಲ್ಲಿ ನೇರವಾಗಿ ಬೇಯಿಸುವುದು ಅಪಾಯ. ನಮ್ಮ ಪ್ರೆಶರ್ ಕುಕ್ಕರಿನಲ್ಲಿ ಪೂರ್ತಿ ಬೆಂದ ಕಾಳಿಗೆ ಈ ತೊಂದರೆಯಿಲ್ಲ.

ಉಪ್ಪನ್ನು ಕಟ್ಟಕಡೆಗೆ, ರುಚಿ ನೋಡಿಯೇ ಹಾಕಿ. ಸಾಸೇಜಿನಲ್ಲಿರುವ ಉಪ್ಪು ರಸಕ್ಕೆ ಇಳಿಯಲು ಸಮಯ ಬೇಕು.

ತುಂಗಾತೀರ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡು ಅಡುಗೆಗಳನ್ನು ಬೆರೆಸದೆ ಬೇರೆಬೇರೆಯಾಗಿಯೇ ಮಾಡುತ್ತೇನೆ. ನೆರೆಮನೆಯ ಸೂಪಿನಲ್ಲಿ ತುಸು ಟೊಮೆಟೊ ಇದ್ದಂತೆಯೂ ತೋರಿತು. ಅದನ್ನು ಯಾವಾಗ ಹಾಕಬೇಕು? ಕೋಳಿ ಸಾಸೇಜಿನ ಪ್ರಶ್ನೆಯೂ ಉಳಿದಿದೆ. ಬೆಂಗಳೂರಿನಲ್ಲಿರುವ ನನ್ನ ತಂಗಿಗೂ ಈ ಸೂಪನ್ನು ಮಾಡುವ ಆಸೆ ಇರುವುದರಿಂದ ಅಲ್ಲಿ ಏನನ್ನು ಬಳಸಬಹುದೆಂದು ಗೊತ್ತಿದ್ದವರು ತಿಳಿಸಬೇಕಾಗಿ ಕೋರುತ್ತೇನೆ.

ಬಸವನಗುಡಿ ಅಡುಗೆಮನೆ (ಉತ್ತರ)

ಟೊಮೆಟೊ ಹಾಕುವುದಾದರೆ ಆಲೂಗಡ್ಡೆ ಪೂರ್ತಿ ಬೆಂದ ನಂತರವೇ ಹಾಕಬೇಕು. ತರಕಾರಿಯ ಕೋಶಗಳನ್ನು ಹಿಡಿದಿಡುವ ಪೆಕ್ಟಿನ್ ಹುಳಿಯಲ್ಲಿ ಬೇಗ ಸಡಿಲವಾಗುವುದಿಲ್ಲ. ಹುಳಿ ಮೊದಲೇ ಬಿದ್ದರೆ ಆಲೂಗಡ್ಡೆ ಎಷ್ಟು ಹೊತ್ತು ಕುದಿದರೂ ನಡುವೆ ಗಟ್ಟಿಯಾಗಿ ಉಳಿಯುತ್ತದೆ. ಹುಣಸೆರಸವನ್ನು ತರಕಾರಿ ಬೆಂದ ಮೇಲೆಯೇ ಹಾಕಬೇಕೆಂದು ನಮ್ಮ ಮನೆಗಳ ಹಿರಿಯರು ಹೇಳುವುದು ಇದೇ ಕಾರಣಕ್ಕೆ.

ನಿಮ್ಮ ತಂಗಿಯವರಿಗೆ ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಕೇಲ್ ಸಿಗುತ್ತದೆ, ಆದರೆ ಬೆಲೆ ಹೆಚ್ಚು, ಎಲೆ ಬಾಡಿರುವುದೂ ಉಂಟು. ಅದಕ್ಕಿಂತ ಸಂತೆಯಲ್ಲಿ ಸೊಪ್ಪು ಸಮೇತ ಬರುವ ಎಳೆಯ ನವಿಲುಕೋಸನ್ನು ತೆಗೆದುಕೊಳ್ಳುವುದು ಮೇಲು ಎಂದು ನನ್ನ ದೃಢವಾದ ಅಭಿಪ್ರಾಯ. ಎಲೆಕೋಸು, ಹೂಕೋಸು, ನವಿಲುಕೋಸು, ಕೇಲ್, ಮಿನ್ಯೊ ಸೀಮೆಯ ಆ ಎತ್ತರದ ಗಿಡ, ಇವೆಲ್ಲ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಒಂದೇ ಪ್ರಭೇದ. ನಾವು ಬಹಳ ಸಲ ಕಿತ್ತು ಎಸೆಯುವ ನವಿಲುಕೋಸಿನ ಎಲೆಯ ರುಚಿ ಕೇಲಿಗೆ ತೀರ ಹತ್ತಿರ. ಎಳೆಯದನ್ನು ದಂಟು ತೆಗೆದು ಸಣ್ಣಗೆ ಹೆಚ್ಚಿದರೆ ಐದಾರು ನಿಮಿಷದಲ್ಲಿ ಬೇಯುತ್ತದೆ. ಪಾಲಕ್ ಬೇಡ. ಅದು ಬಿಸಿ ತಗುಲಿದೊಡನೆ ಕರಗಿ ಹೋಗುತ್ತದೆ, ಈ ಸೂಪಿಗೆ ಬೇಕಾದ ಅಗಿತ ಅದರಲ್ಲಿಲ್ಲ.

ಸಾಸೇಜಿಗೆ ಬಂದರೆ, ಪೋರ್ಚುಗೀಸರಿಂದಲೇ ಗೋವಾಕ್ಕೆ ಬಂದ ಶೋರೀಸು ಬೆಂಗಳೂರಿನಲ್ಲಿಯೂ ಕೆಲವೆಡೆ ಸಿಗುತ್ತದೆ. ಆದರೆ ಗೋವಾದವರು ಅದನ್ನು ಒಣಮೆಣಸಿನಕಾಯಿ, ಮಸಾಲೆ ಮತ್ತು ವಿನಿಗರ್‌ನಲ್ಲಿ ನೆನೆಸಿ ಮಾಡುವುದರಿಂದ ಅದು ಖಾರ, ಹುಳಿ ಎರಡರಲ್ಲೂ ಮುಂದು. ಅದನ್ನು ಆಲೂಗಡ್ಡೆಯೊಂದಿಗೆ ಕುದಿಸಿದರೆ ಮೇಲೆ ಹೇಳಿದಂತೆ ವಿನಿಗರ್ ಆಲೂಗಡ್ಡೆಯನ್ನು ಬೇಯಗೊಡುವುದಿಲ್ಲ, ಸೊಪ್ಪಿನ ಹಸಿರನ್ನೂ ಕೆಡಿಸುತ್ತದೆ. ಸಿಪ್ಪೆ, ದಾರ ತೆಗೆದು ಬೇರೆ ಬಾಣಲೆಯಲ್ಲಿ ಗರಿಯಾಗಿ ಹುರಿದು, ಬಡಿಸುವಾಗ ಒಂದೊಂದು ಚಮಚ ಮೇಲೆ ಹಾಕಿಕೊಳ್ಳುವುದೇ ಸರಿಯಾದ ಕ್ರಮ.

ಕೋಳಿ ಸಾಸೇಜಿನಲ್ಲಿ ಕೊಬ್ಬು ಕಡಿಮೆ, ಸಾಮಾನ್ಯವಾಗಿ ಸಿಗುವವುಗಳಲ್ಲಿ ಪ್ಯಾಪ್ರಿಕಾವೂ ಇರುವುದಿಲ್ಲ. ಆದ್ದರಿಂದ ಸೂಪಿಗೆ ಇಳಿಯಬೇಕಾದ ಬಣ್ಣ, ಪರಿಮಳವನ್ನು ನಾವೇ ಒದಗಿಸಬೇಕಾಗುತ್ತದೆ. ಮೂರು ಚಮಚ ಆಲಿವ್ ಎಣ್ಣೆಯಲ್ಲಿ ಬಿಲ್ಲೆಗಳನ್ನು ಕೆಂಪಗೆ ಬಾಡಿಸಿ ತೆಗೆದಿಟ್ಟು, ಉರಿಯನ್ನು ಪೂರ್ತಿ ತಗ್ಗಿಸಿ, ಅದೇ ಎಣ್ಣೆಗೆ ಜಜ್ಜಿದ ಬೆಳ್ಳುಳ್ಳಿಯನ್ನೂ ಒಂದೂವರೆ ಚಮಚ ಹೊಗೆಯ ಪ್ಯಾಪ್ರಿಕಾವನ್ನೂ ಹಾಕಿ, ಪುಡಿ ಕಪ್ಪಾಗುವ ಮೊದಲೇ ನೀರು ಸುರಿಯಿರಿ. ಹೊಗೆಯ ಪ್ಯಾಪ್ರಿಕಾ ಇಲ್ಲದಿದ್ದರೆ ಬ್ಯಾಡಗಿ ಮೆಣಸಿನಕಾಯಿಯ ಬೀಜ ತೆಗೆದು ಮಾಡಿದ ಪುಡಿ ಬಣ್ಣಕ್ಕೆ ಚೆನ್ನಾಗಿ ಒದಗುತ್ತದೆ, ಖಾರವೂ ಮಿತವಾಗಿರುತ್ತದೆ; ಹೊಗೆಯ ಪರಿಮಳವೊಂದು ಮಾತ್ರ ಅದರಿಂದ ಬಾರದು. ಬಾಡಿಸಿದ ಬಿಲ್ಲೆಗಳನ್ನು ಸೊಪ್ಪಿನ ಜೊತೆಗೆ ಮರಳಿ ಹಾಕಿದರೆ ಸಾಕು, ಮೊದಲಿನಿಂದ ಕುದಿಸಿದರೆ ಕೋಳಿ ಸಾಸೇಜ್ ಒಣಗಿ ಹಿಂಡಿಯಾಗುತ್ತದೆ. ಕೊಳ್ಳುವಾಗ ಪೊಟ್ಟಣದ ಮೇಲೆ ಅದು ಬೇಯಿಸಿದ್ದೋ ಹಸಿಯದೋ ಎಂಬುದನ್ನು ಓದಿ ನೋಡಿ. ಹಸಿಯದಾಗಿದ್ದರೆ ಕೋಳಿಯದು ಒಳಗೆ 74 ಡಿಗ್ರಿ ಸೆಲ್ಸಿಯಸ್, ಹಂದಿಯದು 71 ಡಿಗ್ರಿ ಮುಟ್ಟುವವರೆಗೂ ಬೇಯಬೇಕು.

ಒಂದು ವಿಷಯದಲ್ಲಿ ಮಿನ್ಯೊವಾಸಿಯವರೊಂದಿಗೆ ನನಗೆ ಭಿನ್ನಾಭಿಪ್ರಾಯವಿದೆ. ಹಂದಿಮಾಂಸದ ಶೋರೀಸನ್ನೇ ಬಳಸಿದರೂ ಅದನ್ನು ಇಡಿಯಾಗಿ ನೀರಿನಲ್ಲಿ ಕುದಿಸುವುದರಿಂದ ಬಿಲ್ಲೆಗಳು ಸಪ್ಪೆಯಾಗುತ್ತವೆ. ಕುದಿಸಿ ತೆಗೆದ ಮೇಲೆ ಕೊಯ್ದು, ಒಂದೆರಡು ನಿಮಿಷ ಬಾಣಲೆಯಲ್ಲಿ ಬಾಡಿಸಿ ಬಟ್ಟಲಿಗೆ ಹಾಕಿದರೆ ಎರಡೂ ಕಡೆಯ ಲಾಭ ಸಿಗುತ್ತದೆ ಎಂದು ನನ್ನ ನಂಬಿಕೆ.

ಮಿನ್ಯೊವಾಸಿ

ಬಿಲ್ಲೆಗಳನ್ನು ಕೊನೆಗೆ ಬಾಡಿಸುವ ರೂಢಿ ಇಲ್ಲಿಯ ಕೆಲವು ಮನೆಗಳಲ್ಲಿಯೂ ಇದೆ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಆ ಕೆಂಪು ಎಣ್ಣೆಯನ್ನು ಪೂರ್ತಿಯಾಗಿ ಸೂಪಿಗೆ ಸುರಿಯಬೇಡಿ. ಕಾಲ್ದು ವೆರ್ದೆಯ ರಸ ತಿಳಿಯಾದ ಹಸಿರು ಬಿಳುಪಿನಲ್ಲಿಯೇ ಇರಬೇಕು, ಹೊಗೆಯ ರುಚಿ ಅದರ ಹಿಂದೆ ನಿಲ್ಲಬೇಕು.

ತುಂಗಾತೀರ ಅವರು ಹೆಚ್ಚು ಮಾಡಿ ಎತ್ತಿಡುವುದಾದರೆ ಮಸೆದ ಆಲೂಗಡ್ಡೆಯ ರಸವನ್ನು ಮಾತ್ರ, ಸೊಪ್ಪು ಹಾಕುವ ಮೊದಲು, ಬೇರೆ ಮಾಡಿಟ್ಟುಕೊಳ್ಳಲಿ. ಫ್ರಿಜ್ಜಿನಲ್ಲಿ ಅದು ಮೂರು ದಿನ ಚೆನ್ನಾಗಿರುತ್ತದೆ. ಬೇಕಾದಾಗ ಬಿಸಿಮಾಡಿ, ಗಟ್ಟಿಯಾಗಿದ್ದರೆ ಸ್ವಲ್ಪ ನೀರು ಬೆರೆಸಿ, ಕುದಿ ಬಂದ ಮೇಲೆ ಆಗ ಹೆಚ್ಚಿದ ಸೊಪ್ಪನ್ನು ಹಾಕಿದರೆ ಹೊಸದಾಗಿ ಮಾಡಿದಂತೆಯೇ ಇರುತ್ತದೆ.

ಹಳೆಬಂದರು

ಕಾಳಿನ ಸೂಪಿಗೆ ಈ ನಿಯಮ ತಿರುವುಮುರುವು. ಅದನ್ನು ಸೊಪ್ಪು ಸಮೇತ ಮಾಡಿ, ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮರುದಿನ ಉಣ್ಣುವುದೇ ಇಲ್ಲಿಯವರಿಗೆ ಹೆಚ್ಚು ಇಷ್ಟ. ಫ್ರೀಜರಿನಲ್ಲಿ ಇಡುವುದಾದರೆ ಮಾತ್ರ ಆಲೂಗಡ್ಡೆ ಹಾಕದೆ ಇಡಿ, ಏಕೆಂದರೆ ಹೆಪ್ಪುಗಟ್ಟಿ ಕರಗಿದ ಹೋಳುಗಳು ಮರಳುಮರಳಾಗಿ ನೀರು ಬಿಡುತ್ತವೆ. ಉಣ್ಣುವ ದಿನ ಆಲೂಗಡ್ಡೆಯನ್ನು ಬೇರೆ ಬೇಯಿಸಿ ಸೇರಿಸಿಕೊಂಡರಾಯಿತು.